ಮರ್ಸಿಯಾ: ನೆರೆಯವರ ಲೇಖನಿಯಲ್ಲಿ ಕರಗಿದ ರಾಜ್ಯ

ಇಂಗ್ಲೆಂಡ್ ಒಂದೇ ದೊರೆಯ ಕೆಳಗೆ ಬಂದು 2027ರ ಜುಲೈಗೆ 1,100 ವರ್ಷ ತುಂಬುತ್ತದೆ. ಕ್ರಿ.ಶ. 927ರಲ್ಲಿ ಅಥೆಲ್‌ಸ್ಟನ್ ನಾರ್ತಂಬ್ರಿಯಾವನ್ನು ವಶಪಡಿಸಿಕೊಂಡು, ಜುಲೈ 12ರಂದು ಈಮಾಂಟ್ ಎಂಬಲ್ಲಿ ಉತ್ತರದ ಅರಸರಿಂದ ತನ್ನ ಅಧಿಪತ್ಯಕ್ಕೆ ಒಪ್ಪಿಗೆ ಪಡೆದ. ಇದರ ಹಿಂದಿನ ಕಥೆಯನ್ನು ಪಠ್ಯಪುಸ್ತಕಗಳು ಹೇಳುವ ರೀತಿ ಬಹುಕಾಲದಿಂದ ಒಂದೇ. ವೆಸೆಕ್ಸಿನ ದೊರೆ ಆಲ್ಫ್ರೆಡ್ ವೈಕಿಂಗರನ್ನು ತಡೆದು ನಿಲ್ಲಿಸಿದ, ಅವನ ಮಗ ಎಡ್ವರ್ಡ್ ರಾಜ್ಯವನ್ನು ವಿಸ್ತರಿಸಿದ, ಮೊಮ್ಮಗ ಅಥೆಲ್‌ಸ್ಟನ್ ದೇಶವನ್ನು ಒಂದುಗೂಡಿಸಿದ. ಮೂರು ತಲೆಮಾರು, ಒಂದು ವಂಶ, ಒಂದು ದೇಶ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯದ ಚರಿತ್ರೆ ಓದಿದವರಿಗೂ ಆಲ್ಫ್ರೆಡ್ ಗೊತ್ತು, ಚರ್ಚಿನ ಇತಿಹಾಸ ಬರೆದ ಬೀಡ್ ಗೊತ್ತು. ಆದರೆ ಓಫಾ ಯಾರು, ಪೆಂಡಾ ಯಾರು ಎಂದು ಕೇಳಿದರೆ ಉತ್ತರಿಸುವವರು ವಿರಳ.

ಈ ಕಥೆಯಿಂದ ಜಾರಿಹೋಗಿರುವುದು ಮರ್ಸಿಯಾ ಎಂಬ ರಾಜ್ಯ. ಏಳನೆಯ ಶತಮಾನದ ನಡುವಿನಿಂದ ಒಂಬತ್ತನೆಯ ಶತಮಾನದ ಮೊದಲ ಪಾದದವರೆಗೆ, ನಡುವಿನ ಕೆಲವು ಹಿನ್ನಡೆಗಳನ್ನು ಬಿಟ್ಟರೆ, ಹಂಬರ್ ನದಿಯ ದಕ್ಷಿಣಕ್ಕೆ ಅದಕ್ಕಿಂತ ದೊಡ್ಡ ಶಕ್ತಿ ಇರಲಿಲ್ಲ. ಹಾಗಿದ್ದೂ ಅದು ಇಂದು ಇತರರ ಚರಿತ್ರೆಯ ಅಡಿಟಿಪ್ಪಣಿಯಂತೆ ಕಾಣುತ್ತಿದೆ. ಇದಕ್ಕೆ ಕಾರಣ ಅದು ದುರ್ಬಲವಾಗಿತ್ತು ಎಂಬುದಲ್ಲ. ಅದರ ಬಗ್ಗೆ ಬರೆದವರೆಲ್ಲ ಹೊರಗಿನವರು, ಹೆಚ್ಚಿನವರು ಅದರ ಎದುರಾಳಿಗಳು ಎಂಬುದೇ ಕಾರಣ.

ಮರ್ಸಿಯಾ ಎಂಬ ಹೆಸರಿನ ಮೂಲಾರ್ಥ ಗಡಿಯ ಜನ. ಐದನೆಯ ಶತಮಾನದಲ್ಲಿ ರೋಮನ್ ಆಡಳಿತ ಬ್ರಿಟನ್ನಿನಿಂದ ಹಿಂದೆಗೆದ ಮೇಲೆ ಉತ್ತರ ಸಮುದ್ರದಾಚೆಯಿಂದ ಬಂದು ನೆಲೆಸಿದ ಆಂಗ್ಲರು ಹಾಗೂ ಸ್ಯಾಕ್ಸನರು ಹಲವು ಸಣ್ಣಪುಟ್ಟ ರಾಜ್ಯಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಟ್ರೆಂಟ್ ನದಿಯ ಕಣಿವೆಯಲ್ಲಿ ಬೆಳೆದದ್ದು ಮರ್ಸಿಯಾ. ಟ್ಯಾಮ್‌ವರ್ತ್‌ನಲ್ಲಿ ಅರಮನೆ, ಲಿಚ್‌ಫೀಲ್ಡ್‌ನಲ್ಲಿ ಬಿಷಪ್ಪನ ಪೀಠ, ರೆಪ್ಟನ್‌ನಲ್ಲಿ ದೊರೆಗಳ ಸಮಾಧಿ. ಇಂದಿನ ಬರ್ಮಿಂಗ್‌ಹ್ಯಾಮ್ ನಗರದ ಸುತ್ತಲಿನ ಸೀಮೆ ಇದು. ಆ ಭಾಗದ ಪೊಲೀಸ್ ಪಡೆಯೊಂದಕ್ಕೆ ಈಗಲೂ ವೆಸ್ಟ್ ಮರ್ಸಿಯಾ ಎಂಬ ಹೆಸರಿದೆ. ಹಳೆಯ ರಾಜ್ಯದ ಹೆಸರನ್ನು ಉಳಿಸಿಕೊಂಡ ಹೊಣೆ ಪೊಲೀಸ್ ಇಲಾಖೆಯ ಪಾಲಿಗೆ ಬಂದದ್ದು ವಿಚಿತ್ರವೇ ಸರಿ.

ಮರ್ಸಿಯಾವನ್ನು ಮೊದಲು ದೊಡ್ಡ ಶಕ್ತಿಯನ್ನಾಗಿ ಮಾಡಿದವನು ಪೆಂಡಾ. 633ರಲ್ಲಿ ವೇಲ್ಸಿನ ದೊರೆ ಕ್ಯಾಡ್‌ವಾಲನ್ ಜೊತೆಗೂಡಿ ನಾರ್ತಂಬ್ರಿಯಾದ ಎಡ್ವಿನ್‌ನನ್ನು ಕೊಂದ ಯುದ್ಧದಲ್ಲಿ ಅವನಿದ್ದ. 642ರಲ್ಲಿ ಅದೇ ರಾಜ್ಯದ ಓಸ್ವಾಲ್ಡ್‌ನನ್ನು ಕೊಂದು, ತಲೆಯನ್ನೂ ತೋಳುಗಳನ್ನೂ ಕಡಿಸಿ ಕಂಬಕ್ಕೇರಿಸಿದ. ಈಸ್ಟ್ ಆಂಗ್ಲಿಯಾದ ಮೂವರು ಅರಸರು ಅವನ ವಿರುದ್ಧ ಹೋರಾಡಿ ಸತ್ತರು. ಕೊನೆಗೆ 655ರಲ್ಲಿ ಓಸ್ವಾಲ್ಡ್‌ನ ತಮ್ಮ ಓಸ್ವಿಯೊಡನೆ ನಡೆದ ಕಾಳಗದಲ್ಲಿ ತಾನೂ ಮಡಿದ. ಕಡೆಯವರೆಗೂ ಅವನು ಕ್ರೈಸ್ತಮತಕ್ಕೆ ಸೇರಲಿಲ್ಲ.

ಪೆಂಡಾನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಬೀಡ್ ಬರೆದದ್ದು. ನಾರ್ತಂಬ್ರಿಯಾದ ಜ್ಯಾರೋ ಮಠದ ಸನ್ಯಾಸಿಯಾದ ಬೀಡ್ ತನ್ನ ಚರ್ಚಿನ ಇತಿಹಾಸವನ್ನು 731ರಲ್ಲಿ ಮುಗಿಸಿದ. ಅವನ ಪಾಲಿಗೆ ಎಡ್ವಿನ್ ಮತ್ತು ಓಸ್ವಾಲ್ಡ್ ಧರ್ಮಕ್ಕಾಗಿ ಪ್ರಾಣ ಕೊಟ್ಟ ಪುಣ್ಯಪುರುಷರು. ಹಾಗಿರುವಾಗ ಅವರನ್ನು ಕೊಂದವನ ಚಿತ್ರ ಹೇಗಿರುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಆದರೆ ಬೀಡ್ ಪ್ರಾಮಾಣಿಕ ಬರಹಗಾರ. ತನ್ನ ರಾಜ್ಯದಲ್ಲಿ ಕ್ರೈಸ್ತಮತವನ್ನು ಬೋಧಿಸುವುದನ್ನು ಪೆಂಡಾ ತಡೆಯಲಿಲ್ಲ, ಮತವನ್ನು ಸ್ವೀಕರಿಸಿಯೂ ಅದರಂತೆ ನಡೆಯದವರನ್ನು ಮಾತ್ರ ಅವನು ತಿರಸ್ಕರಿಸುತ್ತಿದ್ದ ಎಂಬ ಸಂಗತಿಯನ್ನು ಬೀಡ್ ಮುಚ್ಚಿಡಲಿಲ್ಲ. ವೈರಿಯ ಲೇಖನಿಯಿಂದ ಬಂದ ಈ ಒಂದು ಸಾಲು ಇಲ್ಲದಿದ್ದರೆ ಪೆಂಡಾ ಬರಿಯ ರಕ್ತಪಿಪಾಸುವಾಗಿ ಉಳಿದುಬಿಡುತ್ತಿದ್ದ.

ಬೀಡ್‌ನ ಮುನ್ನುಡಿಯನ್ನು ಗಮನವಿಟ್ಟು ಓದಿದರೆ ಮತ್ತೊಂದು ವಿಷಯ ತಿಳಿಯುತ್ತದೆ. ತನಗೆ ಮಾಹಿತಿ ಒದಗಿಸಿದವರನ್ನು ಅವನು ಪ್ರಾಂತ್ಯವಾರು ಹೆಸರಿಸುತ್ತಾನೆ. ಕೆಂಟ್‌ಗೆ ಅಲ್ಲಿಯವರು, ವೆಸೆಕ್ಸಿಗೆ ಅಲ್ಲಿನ ಬಿಷಪ್. ಮರ್ಸಿಯಾ ಕ್ರೈಸ್ತಮತಕ್ಕೆ ಸೇರಿದ ಕಥೆಯನ್ನು ಮಾತ್ರ ಅವನು ಪಡೆದದ್ದು ನಾರ್ತಂಬ್ರಿಯಾದ ಲ್ಯಾಸ್ಟಿಂಗ್‌ಹ್ಯಾಮ್ ಮಠದವರಿಂದ. ಅಂದರೆ ಮರ್ಸಿಯಾದ ವಿಷಯವನ್ನು ಕೇಳಿದ್ದೂ ಹೊರಗಿನವರನ್ನೇ. ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ಯಾರೊಡನೆ ಪತ್ರವ್ಯವಹಾರವಿತ್ತೋ ಅವರನ್ನು ಕೇಳಿದ, ಅಷ್ಟೆ. ಪರಿಣಾಮ ಮಾತ್ರ ದುರುದ್ದೇಶದ ಪರಿಣಾಮಕ್ಕಿಂತ ಬೇರೆಯಾಗಲಿಲ್ಲ.

ದಕ್ಷಿಣ ಬ್ರಿಟನ್ನಿನ ಮೇಲೆ ಅಧಿಪತ್ಯ ನಡೆಸಿದ ಏಳು ಅರಸರ ಪಟ್ಟಿಯೊಂದನ್ನು ಬೀಡ್ ಕೊಡುತ್ತಾನೆ. ಸಸೆಕ್ಸ್, ವೆಸೆಕ್ಸ್, ಕೆಂಟ್, ಈಸ್ಟ್ ಆಂಗ್ಲಿಯಾಗಳಿಂದ ಒಬ್ಬೊಬ್ಬರು, ಕೊನೆಯ ಮೂವರು ಅವನದೇ ನಾರ್ತಂಬ್ರಿಯಾದವರು. ಮರ್ಸಿಯಾದವರು ಒಬ್ಬರೂ ಇಲ್ಲ. ಆದರೆ ಅದೇ ಗ್ರಂಥದ ಕೊನೆಯ ಭಾಗದಲ್ಲಿ, ತಾನು ಬರೆಯುತ್ತಿರುವ ಕಾಲಕ್ಕೆ ಹಂಬರ್‌ನ ದಕ್ಷಿಣದ ರಾಜ್ಯಗಳೆಲ್ಲ ಮರ್ಸಿಯಾದ ದೊರೆ ಎಥೆಲ್‌ಬಾಲ್ಡ್‌ಗೆ ಅಧೀನವಾಗಿವೆ ಎಂದು ಅವನೇ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಪಟ್ಟಿಗೆ ಎಂಟನೆಯವನಾಗಿ ಸೇರಬೇಕಾದ ವ್ಯಕ್ತಿ ಕಣ್ಣೆದುರಿಗೇ ಇದ್ದ, ಸೇರಲಿಲ್ಲ.

ಸುಮಾರು 160 ವರ್ಷಗಳ ಬಳಿಕ, 890ರ ದಶಕದ ಆರಂಭದಲ್ಲಿ, ಆಲ್ಫ್ರೆಡ್‌ನ ಆಶ್ರಯದ ವಲಯದಲ್ಲಿ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ವಾರ್ಷಿಕ ವೃತ್ತಾಂತ ಸಿದ್ಧವಾಯಿತು. ಅದನ್ನು ರಚಿಸಿದವರು ಬೀಡ್‌ನ ಪಟ್ಟಿಯನ್ನು ಎತ್ತಿಕೊಂಡು ಎಂಟನೆಯ ಹೆಸರೊಂದನ್ನು ಸೇರಿಸಿದರು. ಆ ಹೆಸರು 829ರಲ್ಲಿ ಮರ್ಸಿಯಾವನ್ನು ಗೆದ್ದ ವೆಸೆಕ್ಸಿನ ಎಗ್ಬರ್ಟ್‌ನದು, ಅಂದರೆ ಆಲ್ಫ್ರೆಡ್‌ನ ಅಜ್ಜನದು. ಎಗ್ಬರ್ಟ್ ಗೆದ್ದ ಮರ್ಸಿಯಾ ಮರುವರ್ಷವೇ ತನ್ನ ದೊರೆ ವಿಗ್ಲಾಫ್‌ನ ಕೈಗೆ ಮರಳಿತೆಂಬುದು ಬೇರೆ ಮಾತು. ಒಂದು ವರ್ಷದ ಗೆಲುವು ಪಟ್ಟಿಗೆ ಸೇರಿತು. 716ರಿಂದ 796ರವರೆಗೆ, ಎಥೆಲ್‌ಬಾಲ್ಡ್ ಮತ್ತು ಓಫಾ ಇಬ್ಬರೇ ಆಳಿದ ಎಂಬತ್ತು ವರ್ಷಗಳು ಸೇರಲಿಲ್ಲ. ಶಾಲೆಯ ಪುಸ್ತಕಗಳು ಹನ್ನೊಂದು ಶತಮಾನಗಳ ಬಳಿಕವೂ ಇದೇ ಪಟ್ಟಿಯ ನೆರಳಿನಲ್ಲಿ ಬರೆಯಲ್ಪಟ್ಟಿವೆ.

ಹಾಗಾದರೆ ಓಫಾ ಬಿಟ್ಟುಹೋದದ್ದೇನು? ಎಲ್ಲಕ್ಕಿಂತ ಮೊದಲಾಗಿ, ನೆಲದ ಮೇಲೆ ಒಂದು ಗೆರೆ. ವೇಲ್ಸಿನ ಗಡಿಯುದ್ದಕ್ಕೂ ಅವನು ಕಟ್ಟಿಸಿದ ಮಣ್ಣಿನ ಏರಿ ಮತ್ತು ಅದರ ಪಶ್ಚಿಮಕ್ಕೆ ತೋಡಿಸಿದ ಕಂದಕ ಇಂದಿಗೂ ಸುಮಾರು 130 ಕಿಲೋಮೀಟರ್‌ನಷ್ಟು ಉಳಿದುಕೊಂಡಿದೆ. ಯಂತ್ರಗಳಿಲ್ಲದ ಕಾಲದಲ್ಲಿ ಇಷ್ಟು ಮಣ್ಣನ್ನು ಅಗೆದು ಎತ್ತಿ ಹಾಕಿಸಬೇಕಾದರೆ ದೂರದೂರದ ಊರುಗಳಿಂದ ಆಳುಗಳನ್ನು ಕರೆಸುವ, ಅವರಿಗೆ ಅನ್ನ ಒದಗಿಸುವ, ಕೆಲಸವನ್ನು ಹಂಚುವ ಆಡಳಿತ ಬೇಕು. ಅಂಥ ಆಡಳಿತದ ಒಂದು ಲೆಕ್ಕಪತ್ರವೂ ನಮಗೆ ದೊರೆತಿಲ್ಲ. ಏರಿಯೇ ಅದರ ಲೆಕ್ಕಪತ್ರ. ಅದನ್ನು ಓಫಾ ಸಮುದ್ರದಿಂದ ಸಮುದ್ರದವರೆಗೆ ಕಟ್ಟಿಸಿದ ಎಂದು ಮೊದಲು ಬರೆದವನೂ ಮರ್ಸಿಯಾದವನಲ್ಲ. ವೇಲ್ಸಿನಿಂದ ಬಂದು ಆಲ್ಫ್ರೆಡ್‌ನ ಆಸ್ಥಾನ ಸೇರಿದ ಅಸ್ಸರ್ ಎಂಬ ಪಾದ್ರಿ, 893ರಲ್ಲಿ.

ಏರಿಯ ನಂತರ ನಾಣ್ಯಗಳು. ಓಫಾನ ಬೆಳ್ಳಿಯ ಪೆನ್ನಿಗಳು ಅಂದಗಾರಿಕೆಗೆ ಹೆಸರಾದವು. ಅವನ ರಾಣಿ ಕಿನೆತ್ರಿತ್ ಹೆಸರಿನಲ್ಲೂ ನಾಣ್ಯಗಳಿವೆ. ಆಂಗ್ಲೋ-ಸ್ಯಾಕ್ಸನ್ ಕಾಲದ ಬೇರೆ ಯಾವ ರಾಣಿಗೂ ಈ ಗೌರವ ದೊರೆತಂತೆ ಕಾಣುವುದಿಲ್ಲ. ಇನ್ನೂ ಕುತೂಹಲಕರವಾದದ್ದು ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಚಿನ್ನದ ನಾಣ್ಯ. ಅದು ಅಬ್ಬಾಸಿದ್ ಖಲೀಫ ಅಲ್-ಮನ್ಸೂರ್‌ನ ಕಾಲದ, ಹಿಜರಿ 157ರ ದಿನಾರಿನ ನಕಲು. ಇಸ್ಲಾಮಿನ ಧರ್ಮವಾಕ್ಯವೂ ಸೇರಿದಂತೆ ಅರಬ್ಬಿ ಬರಹವನ್ನು ಅಕ್ಷರ ತಿಳಿಯದ ಕಮ್ಮಟಿಗನೊಬ್ಬ ಚಿತ್ರದಂತೆ ನೋಡಿ ಕೊರೆದಿದ್ದಾನೆ. ನಡುವೆ, ಅರಬ್ಬಿಗೆ ತಲೆಕೆಳಗಾಗಿ, ಲ್ಯಾಟಿನ್‌ನಲ್ಲಿ ಓಫಾ ರಾಜ ಎಂದಿದೆ. ಅದನ್ನು ಏಕೆ ಅಚ್ಚುಹಾಕಿಸಿದರು ಎಂಬ ಬಗ್ಗೆ ವಾದಗಳು ಮುಗಿದಿಲ್ಲ. ಆದರೆ ಬಾಗ್ದಾದಿನ ಚಿನ್ನಕ್ಕೆ ಎಷ್ಟು ಮರ್ಯಾದೆ ಇದೆಯೆಂಬುದನ್ನು ಟ್ರೆಂಟ್ ಕಣಿವೆಯ ಅರಸ ಬಲ್ಲವನಾಗಿದ್ದ ಎಂಬುದು ಖಚಿತ.

ಯುರೋಪಿನಲ್ಲಿ ಅವನಿಗಿದ್ದ ಸ್ಥಾನಮಾನವೂ ಹೊರಗಿನ ಕಾಗದಗಳಿಂದಲೇ ತಿಳಿಯಬೇಕು. ಫ್ರಾಂಕರ ದೊರೆ ಶಾರ್ಲೆಮನ್ ತನ್ನ ಮಗನಿಗೆ ಓಫಾನ ಮಗಳನ್ನು ಕೇಳಿದಾಗ, ಹಾಗಿದ್ದರೆ ನಿನ್ನ ಮಗಳನ್ನು ನನ್ನ ಮಗನಿಗೆ ಕೊಡು ಎಂದು ಓಫಾ ಮರುಬೇಡಿಕೆ ಇಟ್ಟನಂತೆ. ಸಿಟ್ಟಿಗೆದ್ದ ಶಾರ್ಲೆಮನ್ ಇಂಗ್ಲಿಷ್ ವರ್ತಕರಿಗೆ ಬಂದರುಗಳನ್ನೇ ಮುಚ್ಚಿಸಿದ. ಮುನಿಸು ಕರಗಿದ ಮೇಲೆ, 796ರಲ್ಲಿ ಅವನು ಬರೆದ ಪತ್ರ ಉಳಿದಿದೆ. ಅದರಲ್ಲಿ ಓಫಾನನ್ನು ಪ್ರಿಯ ಸಹೋದರ ಎಂದು ಸಂಬೋಧಿಸಿ, ಯಾತ್ರಿಕರ ಸುಂಕ, ವರ್ತಕರ ರಕ್ಷಣೆ, ಓಫಾ ಕೇಳಿದ್ದ ಕಪ್ಪು ಕಲ್ಲುಗಳು, ಇಂಗ್ಲೆಂಡಿನಿಂದ ಬರುವ ಹೊದಿಕೆಗಳ ಉದ್ದ ಕಡಿಮೆಯಾಗಿರುವ ದೂರು ಮುಂತಾದ ವಿಷಯಗಳನ್ನು ಚರ್ಚಿಸುತ್ತಾನೆ. ಇಬ್ಬರು ಸಮಾನರು ವ್ಯವಹಾರ ಮಾತಾಡುವ ಧಾಟಿ ಇದು. ಓಫಾ ಶಾರ್ಲೆಮನ್‌ಗೆ ಬರೆದ ಪತ್ರ ಮಾತ್ರ ಉಳಿದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಓಫಾನನ್ನು ಆದರ್ಶ ಪುರುಷನೆಂದು ಮೆರೆಸಬೇಕಾಗಿಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ತನ್ನ ಮಾತು ಕೇಳುವುದಿಲ್ಲವೆಂದು 787ರಲ್ಲಿ ಲಿಚ್‌ಫೀಲ್ಡ್‌ನಲ್ಲೇ ಇನ್ನೊಂದು ಆರ್ಚ್‌ಬಿಷಪ್ ಪೀಠವನ್ನು ಸ್ಥಾಪಿಸಿಕೊಂಡವನು ಅವನು. ಆ ಪೀಠ 803ರಲ್ಲಿ ರದ್ದಾಯಿತು. 794ರಲ್ಲಿ ಈಸ್ಟ್ ಆಂಗ್ಲಿಯಾದ ದೊರೆಯ ತಲೆ ಹಾರಿಸಿದ್ದೂ ಅವನ ಆಜ್ಞೆಯಿಂದಲೇ. ಮಗ ಎಕ್‌ಫ್ರಿತ್‌ಗೆ ಸಿಂಹಾಸನ ನಿಷ್ಕಂಟಕವಾಗಲೆಂದು ಅವನು ಸ್ಪರ್ಧಿಗಳನ್ನು ಹುಡುಕಿ ಕೊಲ್ಲಿಸಿದ. ಆ ಮಗ ತಂದೆ ತೀರಿದ ಐದು ತಿಂಗಳೊಳಗೆ ಸತ್ತ. ತಂದೆ ಚೆಲ್ಲಿದ ರಕ್ತಕ್ಕೆ ಮಗ ಬೆಲೆ ತೆತ್ತ ಎಂದು ವಿದ್ವಾಂಸ ಆಲ್ಕ್ವಿನ್ ಪತ್ರವೊಂದರಲ್ಲಿ ಬರೆದ. ಆಲ್ಕ್ವಿನ್ ಕೂಡ ನಾರ್ತಂಬ್ರಿಯಾದವನೇ. ಆದರೆ ಈ ಸಂದರ್ಭದಲ್ಲಿ ಅವನ ಮಾತನ್ನು ಅಲ್ಲಗಳೆಯಲು ಕಾರಣ ಕಾಣುವುದಿಲ್ಲ.

ಮರ್ಸಿಯಾದವರು ಅಕ್ಷರಸ್ಥರಾಗಿರಲಿಲ್ಲವೇ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಆಲ್ಫ್ರೆಡ್‌ನ ಆಸ್ಥಾನದಲ್ಲೇ ಇದೆ. ವೆಸೆಕ್ಸಿನಲ್ಲಿ ವಿದ್ಯೆ ಹಾಳಾಗಿದ್ದಾಗ ಅವನು ನೆರವಿಗೆ ಕರೆಸಿಕೊಂಡ ವಿದ್ವಾಂಸರಲ್ಲಿ ನಾಲ್ವರು ಮರ್ಸಿಯಾದವರೆಂದು ಅಸ್ಸರ್ ಹೇಳುತ್ತಾನೆ. ಅವರಲ್ಲಿ ವರ್ಸೆಸ್ಟರ್‌ನ ಬಿಷಪ್ ವೆರ್‌ಫೆರ್ತ್ ಲ್ಯಾಟಿನ್ ಗ್ರಂಥವೊಂದನ್ನು ಇಂಗ್ಲಿಷಿಗೆ ತಂದ, ಪ್ಲೆಗ್‌ಮಂಡ್ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನಾದ. ತನ್ನ ಕಾನೂನು ಸಂಹಿತೆಯ ಪೀಠಿಕೆಯಲ್ಲಿ ಆಲ್ಫ್ರೆಡ್ ತಾನು ಆಧರಿಸಿದ ಮೂವರು ದೊರೆಗಳಲ್ಲಿ ಓಫಾನನ್ನೂ ಹೆಸರಿಸುತ್ತಾನೆ. ಉಳಿದಿಬ್ಬರ, ಅಂದರೆ ವೆಸೆಕ್ಸಿನ ಇನೆ ಮತ್ತು ಕೆಂಟಿನ ಎಥೆಲ್‌ಬರ್ಟ್‌ರ ಕಾನೂನುಗಳು ಇಂದಿಗೂ ಓದಲು ಸಿಗುತ್ತವೆ, ಓಫಾನದು ಸಿಗುವುದಿಲ್ಲ. ಮರ್ಸಿಯಾದ ಮಠಗಳು ವೈಕಿಂಗರ ದಾಳಿಯಲ್ಲಿ ಹಾಳಾದವು. ಲಿಚ್‌ಫೀಲ್ಡ್‌ನ ಹಳೆಯ ಕಡತಗಳು ಉಳಿಯಲಿಲ್ಲ. ದಾನಪತ್ರಗಳು ಹೆಚ್ಚಾಗಿ ಉಳಿದದ್ದು ವರ್ಸೆಸ್ಟರ್ ಮತ್ತು ಕ್ಯಾಂಟರ್ಬರಿಯಂಥ ಅಂಚಿನ ಅಥವಾ ಹೊರಗಿನ ಚರ್ಚುಗಳಲ್ಲಿ. ಬರೆಯಬಲ್ಲವರು ವೆಸೆಕ್ಸಿನ ದೊರೆಗಾಗಿ ಬರೆಯತೊಡಗಿದರು.

ಗೆದ್ದವರು ಇತಿಹಾಸ ಬರೆಯುತ್ತಾರೆ ಎಂಬ ಸವಕಲು ಮಾತನ್ನು ಇಲ್ಲಿ ಎಳೆದು ತರುವವರಿದ್ದಾರೆ. ಮರ್ಸಿಯಾದ ಮಟ್ಟಿಗೆ ಅದು ಅರ್ಧ ಸತ್ಯ. ಬೀಡ್ ಬರೆಯುವಾಗ ಅವನ ರಾಜ್ಯದ ವೈಭವ ಇಳಿಮುಖವಾಗಿತ್ತು, ಗೆಲ್ಲುತ್ತಿದ್ದವರು ಮರ್ಸಿಯಾದವರು. ಗೆದ್ದವರ ಸದ್ದು ಮುಗಿದು, ಕುಳಿತು ಬರೆದವರ ಮಾತು ಉಳಿಯಿತು. ವೆಸೆಕ್ಸಿನ ವಿಷಯದಲ್ಲಾದರೆ ಗೆಲುವೂ ಬರಹವೂ ಒಂದೇ ಕೈಯಲ್ಲಿದ್ದವು. ಎರಡು ಬಗೆಯ ಮೌನವನ್ನು ಒಂದೇ ಸೂತ್ರದಿಂದ ವಿವರಿಸಲು ಹೊರಟರೆ ದಾರಿ ತಪ್ಪುತ್ತದೆ.

ಎರಡನೆಯ ಬಗೆಗೆ ಚಿಯೋಲ್‌ವುಲ್ಫ್‌ನ ಪ್ರಕರಣಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. 873ರ ಚಳಿಗಾಲದಲ್ಲಿ ವೈಕಿಂಗರ ದೊಡ್ಡ ಸೈನ್ಯ ರೆಪ್ಟನ್‌ನಲ್ಲಿ, ದೊರೆಗಳ ಸಮಾಧಿಯ ಮಗ್ಗುಲಲ್ಲೇ ಬೀಡುಬಿಟ್ಟಿತು. ದೊರೆ ಬರ್ಗ್ರೆಡ್ ರೋಮಿಗೆ ಓಡಿಹೋದ. ಅವನ ಜಾಗಕ್ಕೆ ಬಂದವನು ಎರಡನೆಯ ಚಿಯೋಲ್‌ವುಲ್ಫ್. ಕ್ರಾನಿಕಲ್ ಅವನನ್ನು ದೊರೆಯ ಪರಿವಾರದ ಒಬ್ಬ ಮೂರ್ಖ ಎಂದು ಕರೆದು, ವೈಕಿಂಗರು ಕೇಳಿದ ದಿನ ರಾಜ್ಯವನ್ನು ಒಪ್ಪಿಸುವುದಾಗಿ ಆಣೆಯಿಟ್ಟು ಒತ್ತೆಯಾಳುಗಳನ್ನು ಕೊಟ್ಟವನೆಂದು ದಾಖಲಿಸುತ್ತದೆ. ಶತಮಾನಗಳವರೆಗೆ ಚರಿತ್ರೆಕಾರರು ಈ ತೀರ್ಪನ್ನೇ ನಂಬಿದರು. ಆದರೆ 875ರ ಅವನ ದಾನಪತ್ರಗಳಿಗೆ ಬಿಷಪ್ಪರು ಸಾಕ್ಷಿ ಹಾಕಿದ್ದಾರೆ, ವರ್ಸೆಸ್ಟರ್‌ನ ರಾಜಾವಳಿ ಅವನಿಗೆ ಐದು ವರ್ಷಗಳ ಆಳ್ವಿಕೆಯನ್ನು ಕೊಡುತ್ತದೆ. 2015ರಲ್ಲಿ ಆಕ್ಸ್‌ಫರ್ಡ್‌ಶೈರ್‌ನ ವಾಟ್ಲಿಂಗ್ಟನ್ ಬಳಿ ಹೊಲವೊಂದರಲ್ಲಿ ಇನ್ನೂರರ ಆಸುಪಾಸಿನ ನಾಣ್ಯಗಳ ನಿಧಿ ಸಿಕ್ಕಿತು. ಅದರಲ್ಲಿ ಇಬ್ಬರು ಸಾರ್ವಭೌಮರು ಅಕ್ಕಪಕ್ಕ ಕುಳಿತ, ಮೇಲೆ ರೆಕ್ಕೆಯುಳ್ಳ ದೇವತೆಯಿರುವ ರೋಮನ್ ಮಾದರಿಯ ಬೆಳ್ಳಿ ನಾಣ್ಯಗಳಿದ್ದವು. ಕೆಲವನ್ನು ಅಚ್ಚುಹಾಕಿಸಿದ್ದು ಆಲ್ಫ್ರೆಡ್‌ನ ಹೆಸರಿನಲ್ಲಿ, ಕೆಲವನ್ನು ಚಿಯೋಲ್‌ವುಲ್ಫ್‌ನ ಹೆಸರಿನಲ್ಲಿ, ವಿನ್ಯಾಸ ಒಂದೇ. ಈ ಬಗೆಯ ನಾಣ್ಯಗಳು ಮುಂಚೆ ಬೆರಳೆಣಿಕೆಯಷ್ಟು ಮಾತ್ರ ಗೊತ್ತಿದ್ದವು. ಹದಿನೈದು ವರ್ಷಗಳ ಬಳಿಕ ಮೂರ್ಖನೆನಿಸಿಕೊಳ್ಳಲಿದ್ದವನೊಡನೆ ಆಲ್ಫ್ರೆಡ್ ಆ ದಿನಗಳಲ್ಲಿ ಹಣಕಾಸಿನ ಒಪ್ಪಂದದಲ್ಲಿ ಸಮಾನನಾಗಿ ಪಾಲುಗೊಂಡಿದ್ದ. ಕ್ರಾನಿಕಲ್ ಬರೆಯುವ ವೇಳೆಗೆ ಮರ್ಸಿಯಾ ಆಲ್ಫ್ರೆಡ್‌ನ ಕೈಕೆಳಗೆ ಬಂದಿತ್ತು. ಹಳೆಯ ಜೊತೆಗಾರನ ನೆನಪು ಅನುಕೂಲಕರವಾಗಿರಲಿಲ್ಲ ಎಂದು ಊಹಿಸುವುದು ತಪ್ಪಾಗಲಾರದು.

ಎಥೆಲ್‌ಫ್ಲೆಡ್‌ಗೆ ಆದ ಅನ್ಯಾಯದ ಬಗೆ ಬೇರೆ. ಆಕೆ ಆಲ್ಫ್ರೆಡ್‌ನ ಮಗಳು, ಮರ್ಸಿಯಾದ ಒಡೆಯ ಎಥೆಲ್‌ರೆಡ್‌ನ ಪತ್ನಿ. ಗಂಡ 911ರಲ್ಲಿ ತೀರಿದ ಮೇಲೆ ಮರ್ಸಿಯಾದ ಒಡತಿ ಎಂಬ ಬಿರುದಿನಿಂದ ತಾನೇ ಆಳಿದಳು. 913ರಲ್ಲಿ ಟ್ಯಾಮ್‌ವರ್ತ್ ಮತ್ತು ಸ್ಟ್ಯಾಫರ್ಡ್‌ಗಳಲ್ಲಿ ಕೋಟೆ ಕಟ್ಟಿಸಿದಳು, 917ರಲ್ಲಿ ಡರ್ಬಿಯನ್ನು ವೈಕಿಂಗರಿಂದ ಗೆದ್ದಳು, 918ರಲ್ಲಿ ಲೆಸ್ಟರ್ ಯುದ್ಧವಿಲ್ಲದೆ ಶರಣಾಯಿತು, ಯಾರ್ಕಿನವರೂ ಆಕೆಗೆ ನಿಷ್ಠೆಯ ಮಾತು ಕೊಟ್ಟರು. ಅದೇ ವರ್ಷದ ಜೂನ್ 12ರಂದು ಟ್ಯಾಮ್‌ವರ್ತ್‌ನಲ್ಲಿ ತೀರಿಕೊಂಡಳು. ವಿಂಚೆಸ್ಟರ್‌ಗೆ ಸೇರಿದ ಕ್ರಾನಿಕಲ್‌ನ ಅತ್ಯಂತ ಹಳೆಯ ಪ್ರತಿಯಲ್ಲಿ ಈ ಸಾಹಸಗಳಾವುವೂ ಇಲ್ಲ. ತಮ್ಮ ಎಡ್ವರ್ಡ್‌ನ ದಂಡಯಾತ್ರೆಯ ನಡುವೆ ಅಕ್ಕ ಸತ್ತಳೆಂಬ ಸುದ್ದಿ ಮಾತ್ರ ಇದೆ. ನಾವು ಮೇಲಿನ ವಿವರಗಳನ್ನು ಬಲ್ಲೆವಾದರೆ ಅದಕ್ಕೆ ಕಾರಣ, ಮರ್ಸಿಯಾದಲ್ಲಿ ಯಾರೋ 902ರಿಂದ 924ರವರೆಗಿನ ಘಟನೆಗಳನ್ನು ಚುಟುಕಾಗಿ ಬರೆದಿಟ್ಟಿದ್ದರು ಮತ್ತು ಆ ಪುಟಗಳು ಕ್ರಾನಿಕಲ್‌ನ ಬೇರೆ ಕೆಲವು ಪ್ರತಿಗಳೊಳಗೆ ಹೇಗೋ ಸೇರಿಕೊಂಡವು. ಆಕೆಯ ಮಗಳು ಎಲ್ಫ್‌ವಿನ್‌ಳಿಂದ ಅಧಿಕಾರವನ್ನೆಲ್ಲ ಕಿತ್ತುಕೊಂಡು, ಡಿಸೆಂಬರ್‌ನಲ್ಲಿ ವೆಸೆಕ್ಸಿಗೆ ಕರೆದೊಯ್ದರು ಎಂಬುದನ್ನು ಹೇಳುವುದೂ ಆ ಪುಟಗಳೇ. ಸೋದರಮಾವ ಎಡ್ವರ್ಡ್ ಆಕೆಯನ್ನು ಏನು ಮಾಡಿದ ಎಂಬುದನ್ನು ವೆಸೆಕ್ಸಿನ ಬರಹ ಹೇಳುವುದಿಲ್ಲ. ಪ್ರತ್ಯೇಕ ರಾಜ್ಯವಾಗಿ ಮರ್ಸಿಯಾದ ಬಾಳು ಮುಗಿದದ್ದು ಅಲ್ಲಿಗೆ.

ಅದೇ ಪುಟಗಳಲ್ಲಿ ಇನ್ನೊಂದು ಮಾತಿದೆ. 924ರಲ್ಲಿ ಎಡ್ವರ್ಡ್ ಸತ್ತಾಗ ಅಥೆಲ್‌ಸ್ಟನ್‌ನನ್ನು ದೊರೆಯಾಗಿ ಆರಿಸಿದವರು ಮರ್ಸಿಯಾದವರು. ಹನ್ನೆರಡನೆಯ ಶತಮಾನದ ವಿಲಿಯಂ ಆಫ್ ಮಾಮ್ಸ್‌ಬರಿಯ ಪ್ರಕಾರ ಅವನು ಬೆಳೆದದ್ದು ಸೋದರತ್ತೆ ಎಥೆಲ್‌ಫ್ಲೆಡ್‌ಳ ಆಶ್ರಯದಲ್ಲಿ. 1913ರಲ್ಲಿ ಟ್ಯಾಮ್‌ವರ್ತ್ ಕೋಟೆಯ ಬಳಿ ನಿಲ್ಲಿಸಿದ ಪ್ರತಿಮೆಯಲ್ಲಿ ಆಕೆಯ ಪಕ್ಕಕ್ಕೆ ಬಾಲಕ ಅಥೆಲ್‌ಸ್ಟನ್ ಇದ್ದಾನೆ. ಇಂಗ್ಲೆಂಡಿನ ಮೊದಲ ದೊರೆಯನ್ನು ವೆಸೆಕ್ಸಿನ ಕೊಡುಗೆ ಎಂದಷ್ಟೇ ಹೇಳುವ 2027ರ ಸಮಾರಂಭ ಯಾವುದಾದರೂ ಇದ್ದಲ್ಲಿ, ಅದು ಕ್ರಾನಿಕಲ್‌ನ ಒಂದು ಪ್ರತಿಯನ್ನು ಮಾತ್ರ ಓದಿ ನಡೆಸಿದ ಸಮಾರಂಭವಾಗುತ್ತದೆ.

ಬರಹದಲ್ಲಿ ಸೋತ ಮರ್ಸಿಯಾ ಮಾತಿನಲ್ಲಿ ಸೋಲಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹಳೆಯ ಇಂಗ್ಲಿಷಿನ ಸಾಹಿತ್ಯ ಬಹುಪಾಲು ಉಳಿದಿರುವುದು ವೆಸೆಕ್ಸಿನ ಉಪಭಾಷೆಯಲ್ಲಿ. ಆದರೆ ಹದಿನಾಲ್ಕು, ಹದಿನೈದನೆಯ ಶತಮಾನಗಳಲ್ಲಿ ಲಂಡನ್ನಿನಲ್ಲಿ ರೂಪುಗೊಂಡ ಶಿಷ್ಟ ಇಂಗ್ಲಿಷಿಗೆ ಮುಖ್ಯ ಆಧಾರವಾದದ್ದು ಹಿಂದೆ ಮರ್ಸಿಯಾಕ್ಕೆ ಸೇರಿದ್ದ ಪೂರ್ವ ಮಿಡ್‌ಲ್ಯಾಂಡ್ಸ್ ಸೀಮೆಯ ನುಡಿ. ನಾವು ಶಾಲೆಯಲ್ಲಿ ಕಲಿತ ಓಲ್ಡ್, ಕೋಲ್ಡ್ ಎಂಬ ಪದಗಳು ಮರ್ಸಿಯಾ ಕಡೆಯ ಆಲ್ಡ್, ಕಾಲ್ಡ್ ರೂಪಗಳಿಂದ ಬಂದವೇ ಹೊರತು ಆಲ್ಫ್ರೆಡ್‌ನ ವೆಸೆಕ್ಸಿನ ರೂಪಗಳಿಂದಲ್ಲ.

ಹೊಸ ಪುಸ್ತಕ ಸಿಗುವ ಆಸೆ ಇಲ್ಲದಿರುವಾಗ ಮರ್ಸಿಯಾದ ಚರಿತ್ರೆ ಇನ್ನು ಬರಬೇಕಾದದ್ದು ನೆಲದೊಳಗಿನಿಂದ. 2009ರ ಜುಲೈನಲ್ಲಿ ಲಿಚ್‌ಫೀಲ್ಡ್ ಸಮೀಪದ ಹ್ಯಾಮರ್‌ವಿಚ್‌ನಲ್ಲಿ, ಲೋಹಶೋಧಕ ಯಂತ್ರ ಹಿಡಿದು ಹೊಲದಲ್ಲಿ ಹುಡುಕುತ್ತಿದ್ದ ಹವ್ಯಾಸಿಯೊಬ್ಬರಿಗೆ ಏಳನೆಯ ಶತಮಾನದ ನಿಧಿ ಸಿಕ್ಕಿತು. ಸುಮಾರು ನಾಲ್ಕು ಕಿಲೋ ಚಿನ್ನ, ಒಂದೂಮುಕ್ಕಾಲು ಕಿಲೋದಷ್ಟು ಬೆಳ್ಳಿ, ನಾಲ್ಕು ಸಾವಿರಕ್ಕೂ ಮೀರಿದ ಚೂರುಗಳು. ಹೆಚ್ಚಿನವು ಕತ್ತಿಯ ಹಿಡಿಗಳಿಂದ ಕಿತ್ತ ಅಲಂಕಾರಗಳು. ಅವುಗಳಲ್ಲಿ ಕೂರಿಸಿದ ಕೆಂಪು ಗಾರ್ನೆಟ್ ಹರಳುಗಳಲ್ಲಿ ಕೆಲವು ಬೊಹೀಮಿಯಾದಿಂದಲೂ ಇನ್ನು ಕೆಲವು ಭಾರತ, ಶ್ರೀಲಂಕಾಗಳ ಕಡೆಯಿಂದಲೂ ಹೋದವಿರಬೇಕೆಂಬುದು ತಜ್ಞರ ಅಭಿಪ್ರಾಯ. ಶೋಧಿಸಿದವರು ಕಾನೂನಿನಂತೆ ಅಧಿಕಾರಿಗಳಿಗೆ ತಿಳಿಸಿದರು. ನಿಧಿಯ ಮೌಲ್ಯವನ್ನು 32.85 ಲಕ್ಷ ಪೌಂಡ್ ಎಂದು ನಿಗದಿಪಡಿಸಲಾಯಿತು, ಬರ್ಮಿಂಗ್‌ಹ್ಯಾಮ್ ಮತ್ತು ಸ್ಟೋಕ್-ಆನ್-ಟ್ರೆಂಟ್ ನಗರಾಡಳಿತಗಳು ಅದನ್ನು ಜಂಟಿಯಾಗಿ ಕೊಂಡವು. ಮರ್ಸಿಯಾದ ಸಂಪತ್ತು ಮರ್ಸಿಯಾದ ನೆಲದಲ್ಲೇ ಉಳಿಯಿತು.

2015ರಲ್ಲಿ ಹೆರೆಫರ್ಡ್‌ಶೈರ್‌ನ ಲೆಮ್‌ಸ್ಟರ್ ಬಳಿ ನಡೆದದ್ದು ಇದಕ್ಕೆ ವಿರುದ್ಧ. ಅಲ್ಲಿ ಇನ್ನೊಂದು ನಿಧಿಯನ್ನು ಕಂಡವರಿಬ್ಬರು ಅದನ್ನು ಘೋಷಿಸದೆ ಗುಟ್ಟಾಗಿ ಮಾರತೊಡಗಿದರು. ಆ ನಿಧಿಯಲ್ಲಿಯೂ ಆಲ್ಫ್ರೆಡ್ ಮತ್ತು ಚಿಯೋಲ್‌ವುಲ್ಫ್‌ರ ಆ ಜೋಡಿ ವಿನ್ಯಾಸದ ನಾಣ್ಯಗಳಿದ್ದವು. 2019ರಲ್ಲಿ ನ್ಯಾಯಾಲಯ ಇಬ್ಬರನ್ನೂ ದೀರ್ಘಾವಧಿಯ ಸೆರೆಗೆ ಕಳುಹಿಸಿತು. ಶಿಕ್ಷೆ ಕಠಿಣವಾಯಿತೆಂದು ಆಗ ಕೆಲವರಿಗೆ ಅನ್ನಿಸಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಒಟ್ಟು ಸುಮಾರು ಮುನ್ನೂರು ನಾಣ್ಯಗಳಿದ್ದವೆಂಬ ಅಂದಾಜಿನಲ್ಲಿ ವಿಚಾರಣೆಯ ವೇಳೆಗೆ ಕೈಗೆ ಸಿಕ್ಕಿದ್ದವು ಮೂವತ್ತರಷ್ಟು. 2023ರಲ್ಲಿ ತೀರ್ಪಾದ ಬೇರೊಂದು ಪ್ರಕರಣದಲ್ಲಿ ಇನ್ನೂ 44 ದೊರೆತಿದ್ದವು. ಉಳಿದವು ಒಂದೊಂದಾಗಿ ಯಾರ ಯಾರ ಕೈ ಸೇರಿದರೂ, ಯಾವ ನೆಲದಿಂದ ಯಾವುದರ ಜೊತೆಗೆ ಬಂದವು ಎಂಬುದು ಅಳಿಸಿಹೋದ ಮೇಲೆ, ಚಿಯೋಲ್‌ವುಲ್ಫ್‌ನ ಐದು ವರ್ಷಗಳ ಬಗ್ಗೆ ಅವು ಹೇಳಬಹುದಾಗಿದ್ದ ಮಾತು ಬಹಳಷ್ಟು ಕಡಿಮೆಯಾಗಿರುತ್ತದೆ. ಕ್ರಾನಿಕಲ್‌ನ ಆ ಒಂದು ಬೈಗುಳ ಮಾತ್ರ ಹಾಗೆಯೇ ಇರುತ್ತದೆ.